ವರ್ಟಿಕಲ್ ಆಂಟೆನಾದ ಸಿಗ್ನಲ್ ನಿಜವಾಗ್ಲೂ ಆಕಾಶಕ್ಕೆ ಹೋಗ್ತಿದೆಯಾ? ಆಂಗಲ್ ಅಳೆದು ತಪ್ಪು ಹಿಡಿಯೋ ಬಗೆ

ಹ್ಯಾಮ್ ರೇಡಿಯೋದವರು, ಅಂದ್ರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋರು, ಹಿತ್ತಲಲ್ಲಿ ನೆಲಕ್ಕೆ ನಿಲ್ಸಿರೋ ವರ್ಟಿಕಲ್ (ನೆಟ್ಟಗೆ ನಿಂತಿರೋ ಕಂಬದ) ಆಂಟೆನಾ ಬಗ್ಗೆ ಕಂಪ್ಲೇಂಟ್ ಬರೋದು ಯಾವಾಗ್ಲೂ ಒಂದೇ ಥರ. "ಕಡಿಮೆ ಆಂಗಲ್ಲು, ಡಿಎಕ್ಸ್‌ಗೆ ಸೂಪರ್ ಅಂತ ಎಲ್ಲಾರೂ ಹೇಳಿದ್ರು, ಕಟ್ಟಿದ್ಮೇಲೆ ನೋಡಿದ್ರೆ ಆರು ಮೀಟರ್ ಎತ್ತರದ ಇನ್ವರ್ಟೆಡ್ ವೀನೇ ಇದಕ್ಕಿಂತ ಚೆನ್ನಾಗಿ ಕೇಳತ್ತೆ, ನನ್ನ ಆಂಟೆನಾದ ರೇಡಿಯೇಷನ್ ಆಂಗಲ್ ಜಾಸ್ತಿ ಆಗ್ಬಿಟ್ಟಿದೆ ಅನ್ಸತ್ತೆ." ಡಿಎಕ್ಸ್ ಅಂದ್ರೆ ದೂರ ದೇಶದ ಸ್ಟೇಷನ್, ಇನ್ವರ್ಟೆಡ್ ವೀ ಅಂದ್ರೆ ನಡು ಮೇಲೆತ್ತಿ ಎರಡು ತುದಿ ಕೆಳಗಿಳಿಸಿ ಕಟ್ಟೋ ವೈರ್ ಆಂಟೆನಾ, ಆಂಗಲ್ ಅಂದ್ರೆ ಸಿಗ್ನಲ್ ದಿಗಂತದಿಂದ ಎಷ್ಟು ಡಿಗ್ರಿ ಮೇಲಕ್ಕೆ ಹೋಗತ್ತೆ ಅನ್ನೋದು, ಅದು ಕಡಿಮೆ ಇದ್ದಷ್ಟೂ ಡಿಎಕ್ಸ್‌ಗೆ ಒಳ್ಳೇದು. ನಾನೂ ಇದನ್ನೇ ಹೇಳ್ಕೊಂಡು ಎರಡು ತಿಂಗಳು ಓಡಾಡಿದೀನಿ. ಕೊನೆಗೆ ಗೊತ್ತಾಗಿದ್ದೇನಂದ್ರೆ ನನ್ನ ಹತ್ರ ಇದ್ದಿದ್ದು ಒಂದಲ್ಲ ಎರಡು ತಪ್ಪು, ಅದ್ರಲ್ಲಿ ಮೊದಲನೇದಕ್ಕೂ ಆಂಗಲ್‌ಗೂ ಸಂಬಂಧನೇ ಇಲ್ಲ, ಇನ್ನೊಂದು ಆಂಟೆನಾದಲ್ಲಿ ಇರ್ಲೇ ಇಲ್ಲ, ಕೇಬಲ್‌ನಲ್ಲಿತ್ತು.

ನನ್ನ ಸೆಟಪ್ ಹೇಳ್ಬಿಡ್ತೀನಿ. ನೆಲಮಂಗಲದ ಆಚೆ ಮನೆ, ಕೆಂಪು ಮಣ್ಣು, ಒಂದೆರಡಡಿ ಅಗೆದ್ರೆ ಕಲ್ಲು. 20 ಮೀಟರ್ ಬ್ಯಾಂಡ್‌ಗೆ ಕಾಲು ತರಂಗದ (ತರಂಗದ ಉದ್ದದಲ್ಲಿ ಕಾಲು ಭಾಗದ) ಅಲ್ಯೂಮಿನಿಯಂ ಪೈಪು, ಉದ್ದ 5 ಮೀಟರ್ ಮೇಲೆ ಐದಾರು ಸೆಂಟಿಮೀಟರ್. ಬುಡದಲ್ಲಿ ನಾಲ್ಕು ರೇಡಿಯಲ್, ಅಂದ್ರೆ ಸುತ್ತ ನೆಲದ ಮೇಲೆ ಹಾಸೋ ವೈರು. ಕೋಕ್ಸ್ ಕೇಬಲ್ ಬುಡದಿಂದ ನೇರ ಮೇಲೆ ಹೋಗಿ ಮೊದಲನೇ ಮಹಡಿ ಬಾಲ್ಕನಿಗೆ, ಅಲ್ಲಿಂದ ಒಳಗೆ ರಿಗ್‌ಗೆ, ಅಂದ್ರೆ ರೇಡಿಯೋ ಸೆಟ್‌ಗೆ. ಆ ಕೇಬಲ್ ಗಾಳೀಲಿ ಓರೆಯಾಗಿ ನೇತಾಡ್ತಿತ್ತು, ಬಟ್ಟೆ ಒಣಗ್ಹಾಕೋ ಹಗ್ಗದ ಥರ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬರತ್ತೆ.

ಮೊದಲು, ಆಂಗಲ್ ಅನ್ನೋದು ಯಾವುದ್ರಿಂದ ಬರತ್ತೆ

ಇದು ತಲೇಲಿ ಸರಿಯಾಗಿ ಕೂತ್ಕೊಂಡಿಲ್ಲ ಅಂದ್ರೆ ಯಾವ ಅಳತೆ ಮಾಡಿದ್ರೂ ತಪ್ಪು ಕಡೆ ಹೋಗ್ತೀರ. ವರ್ಟಿಕಲ್‌ನ ಆಂಗಲ್ ತೀರ್ಮಾನ ಆಗೋದು ಎರಡು ವಿಷಯದಿಂದ, ಒಂದು ಪೈಪಿನ ಉದ್ದ ತರಂಗದ ಲೆಕ್ಕದಲ್ಲಿ ಎಷ್ಟು ಅನ್ನೋದು, ಇನ್ನೊಂದು ಆಂಟೆನಾದಿಂದ ಸುಮಾರು ದೂರದವರೆಗೆ, ಅಂದ್ರೆ ಹತ್ತಾರು ಮೀಟರಿಂದ ನೂರಾರು ಮೀಟರ್ ಆಚೆ ತನಕ ನೆಲ ಎಂಥದ್ದು ಅನ್ನೋದು. ಆ ದೂರದ ನೆಲದ ಮೇಲೆ ಬಿದ್ದು ವಾಪಸ್ ಏಳೋ ಅಲೆ, ನೇರ ಹೋಗೋ ಅಲೆ ಜೊತೆ ಸೇರ್ಕೊಳ್ಳತ್ತೆ. ಸಾಧಾರಣ ಮಣ್ಣಲ್ಲಿ ತುಂಬಾ ಕಡಿಮೆ ಆಂಗಲ್‌ನಲ್ಲಿ ಎರಡೂ ಒಂದನ್ನೊಂದು ಹೊಡೆದ್ಹಾಕತ್ತೆ. ಅದಕ್ಕೇ ಮಾಮೂಲಿ ಮಣ್ಣಲ್ಲಿ ಕಾಲು ತರಂಗದ ವರ್ಟಿಕಲ್‌ನ ಪೀಕ್, ಅಂದ್ರೆ ಸಿಗ್ನಲ್ ಎಲ್ಲಕ್ಕಿಂತ ಜೋರಾಗಿರೋ ಆಂಗಲ್, ಬರೋದು 25 ಡಿಗ್ರಿ ಆಸುಪಾಸಲ್ಲಿ, ಸೊನ್ನೆ ಡಿಗ್ರೀಲಲ್ಲ, ಐದು ಡಿಗ್ರೀಲೂ ಅಲ್ಲ.

ಬುಡದಲ್ಲಿ ಹಾಸೋ ರೇಡಿಯಲ್‌ಗಳು ಈ ಆಂಗಲ್‌ನ ಬದಲಾಯಿಸೋಲ್ಲ. ಐದು ಮೀಟರ್ ವೈರು ಐವತ್ತು ಮೀಟರ್ ಆಚೆ ಇರೋ ಮಣ್ಣನ್ನ ಏನ್ ಮಾಡಕ್ಕಾಗತ್ತೆ ಹೇಳಿ. ರೇಡಿಯಲ್‌ಗಳ ಕೆಲಸ ಬುಡದಲ್ಲಿ ಕರೆಂಟ್ ಮಣ್ಣಲ್ಲಿ ಸುಟ್ಟು ಹೋಗದೇ ಇರೋ ಹಾಗೆ ನೋಡ್ಕೊಳ್ಳೋದು ಅಷ್ಟೇ. 1937ರಲ್ಲಿ ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಅಂತ ಮೂರು ಜನ ಎಂಜಿನಿಯರ್‌ಗಳು ರೇಡಿಯಲ್ ಸಂಖ್ಯೆ ಬದಲಾಯಿಸಿ ಬದಲಾಯಿಸಿ ಅಳತೆ ಮಾಡಿ ಪ್ರಬಂಧ ಬರೆದ್ರಲ್ಲ, ಇವತ್ತಿಗೂ ಬ್ರಾಡ್‌ಕಾಸ್ಟ್ ಸ್ಟೇಷನ್‌ನವರು 120 ರೇಡಿಯಲ್ ಅಂತ ಹೇಳೋದು ಅಲ್ಲಿಂದ ಬಂದಿದ್ದು, ಅದೂ ದಕ್ಷತೆ ಬಗ್ಗೆನೇ. ಹಾಗಾಗಿ "ರೇಡಿಯಲ್ ಜಾಸ್ತಿ ಹಾಕು, ಆಂಗಲ್ ಕೆಳಗೆ ಬರತ್ತೆ" ಅಂತ ಯಾರಾದ್ರೂ ಹೇಳಿದ್ರೆ ನಗ್ತಾ ತಲೆ ಆಡ್ಸಿ, ಆದ್ರೆ ರೇಡಿಯಲ್ ಹಾಕಿ, ಕಾರಣ ಬೇರೆ ಅಷ್ಟೇ.

ಇನ್ನೊಂದು, ಮಾಡೆಲಿಂಗ್ ಸಾಫ್ಟ್‌ವೇರ್‌ನಲ್ಲಿ, ಅಂದ್ರೆ ಆಂಟೆನಾ ಹೇಗೆ ಕೆಲಸ ಮಾಡತ್ತೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದ್ರಲ್ಲಿ, ಎಡವೋದು. ಈಜೆಡ್‌ನೆಕ್ ಅನ್ನೋ ಸಾಫ್ಟ್‌ವೇರ್ 2022ರಿಂದ ಫ್ರೀ ಆಗಿದೆ, ಎಲ್ಲಾರೂ ಹಾಕ್ಕೊಂಡಿದಾರೆ, ಗ್ರೌಂಡ್ ಅನ್ನೋ ಕಡೆ ಪರ್ಫೆಕ್ಟ್ ಅಂತ ಬಿಟ್ಬಿಟ್ರೆ ಪೀಕು ಸೊನ್ನೆ ಡಿಗ್ರೀಲಿ ಬರತ್ತೆ, ಗೇನ್ (ಆ ಕಡೆ ಸಿಗ್ನಲ್ ಎಷ್ಟು ಜೋರು ಅನ್ನೋದು, ಡಿಬಿ ಲೆಕ್ಕದಲ್ಲಿ, 3 ಡಿಬಿ ಅಂದ್ರೆ ಎರಡು ಪಟ್ಟು ಪವರ್) 5 ಡಿಬಿಐ ಮೇಲೆ ತೋರ್ಸತ್ತೆ, ಎಷ್ಟು ಚೆಂದ. ಅದೇ ಫೈಲ್‌ನಲ್ಲಿ ಸಾಧಾರಣ ಮಣ್ಣು ಅಂತ ಹಾಕಿ, ಕಂಡಕ್ಟಿವಿಟಿ 0.005, ಡೈಎಲೆಕ್ಟ್ರಿಕ್ 13, ಪೀಕು 25ರ ಹತ್ರ ಏರ್ಕೊಂಡ್ಬಿಡತ್ತೆ, ಗೇನ್ ಸೊನ್ನೆ ಡಿಬಿಐ ಆಸುಪಾಸಿಗೆ ಇಳಿಯತ್ತೆ. ಆಂಟೆನಾ ಕೆಟ್ಟಿಲ್ಲ, ನೀವು ಹೋಲಿಸ್ತಿದ್ದ ಚಿತ್ರನೇ ತಾಮ್ರದ ತಗಡು ಹಾಸಿದ ಲೋಕದ್ದು. ನನಗೆ ಬರೋ ಕಂಪ್ಲೇಂಟ್‌ನಲ್ಲಿ ಅರ್ಧ ಇಲ್ಲೇ ಮುಗಿದು ಹೋಗತ್ತೆ.

ಉದ್ದದ ತಪ್ಪೂ ಇದೆ, ಬೇಗ ಹೇಳ್ಬಿಡ್ತೀನಿ. 43 ಅಡಿ ವರ್ಟಿಕಲ್ ಅಂತ ಒಂದು ಫ್ಯಾಷನ್ ಇದೆಯಲ್ಲ, ಅಂದ್ರೆ 13.1 ಮೀಟರ್. 20 ಮೀಟರ್ ಬ್ಯಾಂಡ್‌ನಲ್ಲಿ ಅದು 0.62 ತರಂಗ, ಚೆನ್ನಾಗಿದೆ. 15 ಮೀಟರ್‌ಗೆ ಹೋದ್ರೆ 0.93 ತರಂಗ, 10 ಮೀಟರ್‌ನಲ್ಲಿ 1.25. ಅಲ್ಲಿ ಮುಖ್ಯ ಲೋಬ್‌ಗಳು, ಅಂದ್ರೆ ಸಿಗ್ನಲ್ ಜೋರಾಗಿ ಹೋಗೋ ದಿಕ್ಕುಗಳು, ಮೇಲಕ್ಕೆ ಎದ್ಬಿಟ್ಟಿರತ್ತೆ. ಟ್ಯೂನರ್ ಎಸ್‌ಡಬ್ಲ್ಯೂಆರ್ (ರಿಗ್‌ಗೂ ಆಂಟೆನಾಗೂ ಎಷ್ಟು ಹೊಂದತ್ತೆ ಅನ್ನೋ ಅಳತೆ, 1 ಅಂದ್ರೆ ಪೂರ್ತಿ ಹೊಂದಿಕೆ) ಒಂದಕ್ಕೆ ತಂದಿಡತ್ತೆ, ಆಂಗಲ್‌ನ ತರಲ್ಲ. ನಿಮ್ಮ ಪೈಪು ಆ ಬ್ಯಾಂಡ್‌ನಲ್ಲಿ 5/8 ತರಂಗಕ್ಕಿಂತ ಉದ್ದ ಇದೆ ಅಂದ್ರೆ ಮುಂದೆ ಓದೋದೇ ಬೇಡ, ಕಾರಣ ಸಿಕ್ತು.

ನೆಲದ ಮೇಲೆ ಮೀಟರ್ ಹಿಡ್ಕೊಂಡು ಓಡಾಡೋದು

ನಾನು ಮೊದ್ಲು ಮಾಡಿದ್ದೇ ಇದು. ಡಯೋಡು, ಮೈಕ್ರೋ ಆಂಪ್ ಮೀಟ್ರು, ಅರ್ಧ ಮೀಟರ್ ಕಡ್ಡಿ, ಫೀಲ್ಡ್ ಸ್ಟ್ರೆಂತ್ ಮೀಟರ್ ರೆಡಿ. ಎದುರಿನ ಖಾಲಿ ಸೈಟಲ್ಲಿ ನಿಂತ್ಕೊಂಡು ನೋಡಿದ್ರೆ ಮುಳ್ಳು ಪೂರ್ತಿ ಬಲಕ್ಕೆ. ಇನ್ವರ್ಟೆಡ್ ವೀಗೆ ಬದಲಾಯಿಸಿದ್ರೆ ಮುಳ್ಳು ಸೊಲ್ಪ ಅಲ್ಲಾಡತ್ತೆ ಅಷ್ಟೇ. ಆಹಾ, ನನ್ನ ವರ್ಟಿಕಲ್ ಎಂಥಾ ಕಡಿಮೆ ಆಂಗಲ್ಲು ಅಂತ ಖುಷಿ. ಶುದ್ಧ ಮೋಸ. ನೆಲಕ್ಕೆ ಅಂಟ್ಕೊಂಡು ಹೋಗೋ ಸರ್ಫೇಸ್ ವೇವ್ ಅದು, ಕಿಲೋಮೀಟರ್‌ಗಟ್ಲೆ ಹೋಗೋಷ್ಟರಲ್ಲಿ ಮಣ್ಣೇ ಅದನ್ನ ನುಂಗ್ಹಾಕತ್ತೆ, ಅಯನೋಸ್ಫಿಯರ್, ಅಂದ್ರೆ ರೇಡಿಯೋ ಅಲೆಯನ್ನ ವಾಪಸ್ ನೆಲಕ್ಕೆ ಬಗ್ಗಿಸೋ ಆಕಾಶದ ಪದರದ ಕಡೆ ಹೋಗೋ ಅಲೆಗೂ ಅದಕ್ಕೂ ನೇರ ಸಂಬಂಧ ಇಲ್ಲ. ಆ ಮೀಟರ್ ಇಟ್ಕೊಂಡು ಆಂಗಲ್ ಹೇಳಕ್ಕೆ ಬರೋಲ್ಲ.

ಹಾಗಂತ ಬಿಸಾಕ್ಬೇಡಿ. ಆಂಟೆನಾ ಸುತ್ತ ಒಂದೇ ದೂರದಲ್ಲಿ, ಹಗ್ಗ ಕಟ್ಕೊಂಡು ಗಾಣದ ಎತ್ತಿನ ಥರ ಒಂದು ಸುತ್ತು ಬನ್ನಿ. ಎಲ್ಲಾ ಕಡೆ ಹತ್ತಿರ ಹತ್ತಿರ ಒಂದೇ ರೀಡಿಂಗ್ ಬರ್ಬೇಕು. ಒಂದು ಕಡೆ ತಗ್ಗಿ ಇನ್ನೊಂದು ಕಡೆ ಉಬ್ಬಿದ್ರೆ ಹತ್ರದಲ್ಲಿ ಯಾವ್ದೋ ಲೋಹ ಕರೆಂಟ್ ಕುಡೀತಿದೆ, ನೆಟ್ಟಗೆ ನಿಂತಿರೋ ನೀರಿನ ಟ್ಯಾಂಕ್ ಪೈಪು, ಬೋರ್‌ವೆಲ್‌ನಿಂದ ಮೇಲೆ ಎದ್ದಿರೋ ಕಬ್ಬಿಣದ ಪೈಪು, ಸಿಡಿಲು ತಡೆಯೋ ಕಂಬಿ. ಐದು ಮೀಟರ್ ಆಸುಪಾಸಿನ ಎತ್ತರ ಇದ್ದು ಕಾಲು ನೆಲದಲ್ಲಿದ್ರೆ ಅದೂ ನಿಮ್ಮ ಬ್ಯಾಂಡ್‌ಗೆ ಒಂದು ಆಂಟೆನಾನೇ.

ಡ್ರೋನ್

ಎಚ್‌ಎಫ್ (ಶಾರ್ಟ್‌ವೇವ್) ಆಂಟೆನಾದ ಆಂಗಲ್ ನಿಜವಾಗಿ ಅಳೀಬೇಕು ಅಂದ್ರೆ ಮೇಲೆ ಹೋಗ್ಬೇಕು. ಸ್ನೇಹಿತರೊಬ್ರ ಹತ್ರ 250 ಗ್ರಾಂ ಒಳಗಿನ ಡ್ರೋನ್ ಇತ್ತು, ಅದಕ್ಕೆ ಪುಟಾಣಿ ಆಸಿಲೇಟರ್ (ಸಿಗ್ನಲ್ ಬಿಡೋ ಸರ್ಕ್ಯೂಟು) ಕಟ್ಟಿ, ಕೆಳಗೆ ಒಂದು ವೈರ್ ನೇತ್ಹಾಕಿ, ಆಂಟೆನಾ ಕಡೆ ಎಸ್‌ಡಿಆರ್‌ನಲ್ಲಿ, ಅಂದ್ರೆ ಕಂಪ್ಯೂಟರ್‌ಗೆ ಹಾಕೋ ರಿಸೀವರ್‌ನಲ್ಲಿ, ಲೆವೆಲ್ ನೋಡೋದು ಅಂತ ಪ್ಲಾನು. ಭಾರ ಕಟ್ಟಿದ್ಮೇಲೆ ಒಟ್ಟು ತೂಕ 250 ಗ್ರಾಂ ದಾಟಿದ್ರೆ ಅದು ನ್ಯಾನೋ ವರ್ಗದಲ್ಲಿ ಉಳಿಯೋಲ್ಲ, ಅದನ್ನ ನೋಡ್ಕೊಳ್ಳಿ, ಗ್ರೀನ್ ಜೋನ್‌ನಲ್ಲಿ (ಡ್ರೋನ್ ಮ್ಯಾಪಲ್ಲಿ ಅನುಮತಿ ಕೇಳದೇ ಹಾರಿಸಬಹುದಾದ ಜಾಗ) 400 ಅಡಿ ಮಿತಿ, ಏರ್‌ಪೋರ್ಟ್ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಿದ್ರೆ 200 ಅಡಿ, ಮ್ಯಾಪ್ ತೆಗೆದು ನೋಡದೇ ಹಾರಿಸ್ಬೇಡಿ.

ನಾವು ಮಾಡಿದ ತಪ್ಪು ಕೇಳಿ. ಆಂಟೆನಾದಿಂದ 60 ಮೀಟರ್ ದೂರ ನಿಂತ್ಕೊಂಡು ಡ್ರೋನ್‌ನ ನೇರ ಮೇಲಕ್ಕೆ ಬಿಟ್ವಿ, ನೂರು ಮೀಟರ್ ಮೇಲಕ್ಕೆ ಹೋದ್ರೆ 60 ಡಿಗ್ರಿ ತನಕ ಗ್ರಾಫ್ ಸಿಗತ್ತೆ. ಗ್ರಾಫ್ ಬಂತು, ಮೇಲಕ್ಕೆ ಹೋದಷ್ಟೂ ಸಿಗ್ನಲ್ ಜರ್ರಂತ ಇಳೀತು, ಇಬ್ರೂ ಕೈ ಕುಲುಕಿದ್ವಿ. ರಾತ್ರಿ ಊಟ ಆದ್ಮೇಲೆ ಲೆಕ್ಕ ಹಾಕಿದ್ರೆ, 60 ಡಿಗ್ರೀಲಿ ಡ್ರೋನ್‌ನ ದೂರ 60 ಮೀಟರ್ ಅಲ್ಲ, 120 ಮೀಟರ್, ಅಲ್ಲಿಗೇ 6 ಡಿಬಿ ಹೋಯ್ತು. ನೇತಾಡೋ ವೈರ್ ಕೂಡ ಒಂದು ಪುಟ್ಟ ವರ್ಟಿಕಲ್ಲೇ, ಅದು ತನ್ನ ಕೆಳಗೆ ಓರೆಯಾಗಿ ಸರಿಯಾಗಿ ಬಿಡೋಲ್ಲ, 60 ಡಿಗ್ರೀಲಿ ಕೊಸೈನ್ ಅರ್ಧ, ಅಂದ್ರೆ ಇನ್ನೊಂದು 6 ಡಿಬಿ. ಒಟ್ಟು 12 ಡಿಬಿ ಆಂಟೆನಾದಲ್ಲ, ಜಾಮಿಟ್ರೀದು. ಇದನ್ನ ಕಳೆದು ಮತ್ತೆ ಪ್ಲಾಟ್ ಮಾಡಿದ್ರೆ ಮೇಲಿನ ಆಂಗಲ್‌ನಲ್ಲಿ ಇಳೀಬೇಕಾದಷ್ಟು ಇಳಿದೇ ಇಲ್ಲ! ನಮಗೆ ಸಿಕ್ಕಿದ ಮೊದಲ ನಿಜವಾದ ಸುಳಿವು ಇದೇ, ಕೈ ಕುಲುಕಿದ ಗ್ರಾಫಲ್ಲೇ ಅಡಗಿತ್ತು.

ಕೆಳಗಿನ ತುದಿಯಲ್ಲೂ ನಂಬ್ಬೇಡಿ. ಹತ್ತು ಡಿಗ್ರಿ ಕೆಳಗೆ, ಅರವತ್ತು ಮೀಟರ್ ದೂರದಲ್ಲಿ, ಆ ಹಾಳು ಸರ್ಫೇಸ್ ವೇವ್ ಇನ್ನೂ ಬದುಕಿರತ್ತೆ, ರೀಡಿಂಗ್ ನಿಜಕ್ಕಿಂತ ಜಾಸ್ತಿ ತೋರ್ಸತ್ತೆ. ಡ್ರೋನ್‌ನಿಂದ ಮಧ್ಯದ ಮತ್ತು ಮೇಲಿನ ಆಂಗಲ್ ನೋಡ್ಕೊಳ್ಳಿ, ಕೆಳಗಿನದ್ದಕ್ಕೆ ಬೇರೆ ದಾರಿ ಬೇಕು.

ಕೊಲಂಬೋ ಮತ್ತು ಟೆಲ್ ಅವೀವ್

ಈ ದಾರಿ ನನಗೆ ತುಂಬಾ ಇಷ್ಟ, ಕಾಸು ಖರ್ಚಿಲ್ಲ. 14.100 ಮೆಗಾಹರ್ಟ್ಸ್‌ನಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ 18 ಬೀಕನ್‌ಗಳು, ಅಂದ್ರೆ ತಾವಾಗೇ ಸಿಗ್ನಲ್ ಬಿಡೋ ಸ್ಟೇಷನ್‌ಗಳು, ಸರದಿ ಮೇಲೆ ಹತ್ತತ್ತು ಸೆಕೆಂಡ್ ಬರತ್ತೆ, ಮೂರು ನಿಮಿಷಕ್ಕೆ ಒಂದು ಸುತ್ತು. ಕಾಲ್‌ಸೈನ್ (ಸ್ಟೇಷನ್‌ನ ಹೆಸರು) ಸಿಡಬ್ಲ್ಯೂನಲ್ಲಿ, ಅಂದ್ರೆ ಮೋರ್ಸ್ ಕೋಡ್‌ನಲ್ಲಿ, ಆಮೇಲೆ ನಾಲ್ಕು ಉದ್ದ ಡ್ಯಾಶು, ಮೊದಲನೇದು 100 ವಾಟ್, ಎರಡನೇದು 10, ಮೂರನೇದು 1, ನಾಲ್ಕನೇದು ವಾಟ್‌ನ ಹತ್ತನೇ ಒಂದು ಭಾಗ. ಕೊಲಂಬೋದ 4ಎಸ್7ಬಿ ಸುತ್ತಿನ 1 ನಿಮಿಷ 30 ಸೆಕೆಂಡ್‌ಗೆ, ಟೆಲ್ ಅವೀವ್‌ನ 4ಎಕ್ಸ್6ಟಿಯು ಸರಿಯಾಗಿ 2 ನಿಮಿಷಕ್ಕೆ. ಸುತ್ತು ಗಂಟೆ ಶುರುವಾದಾಗಿಂದ ಲೆಕ್ಕ, ನಮ್ಮ ಐದೂವರೆ ಗಂಟೆ ವ್ಯತ್ಯಾಸ ಮೂರರಿಂದ ಭಾಗ ಆಗತ್ತಲ್ಲ, ಹಾಗಾಗಿ ಗೋಡೆ ಗಡಿಯಾರನೇ ಸಾಕು, ಆದ್ರೆ ಸೆಕೆಂಡ್ ಮುಳ್ಳು ಸರಿ ಇರ್ಬೇಕು.

ಯಾಕೆ ಇವೆರಡೇ? ಬೆಂಗಳೂರಿಂದ ಕೊಲಂಬೋ 700 ಕಿಲೋಮೀಟರ್ ಚಿಲ್ಲರೆ. 300 ಕಿಲೋಮೀಟರ್ ಎತ್ತರದ, ಅಯನೋಸ್ಫಿಯರ್‌ನ ಎಫ್ ಪದರಕ್ಕೆ ಬಡಿದು ಒಂದೇ ಹಾಪ್‌ನಲ್ಲಿ (ಒಂದೇ ನೆಗೆತದಲ್ಲಿ) ಬಂದ್ರೆ ನಮ್ಮಲ್ಲಿಗೆ ಇಳಿಯೋ ಆಂಗಲ್ ಸುಮಾರು 38 ಡಿಗ್ರಿ. ಟೆಲ್ ಅವೀವ್ 4,800 ಕಿಲೋಮೀಟರ್, ಎರಡು ಹಾಪ್ ಅಂದ್ರೆ ಒಂದೊಂದು 2,400, ಆಂಗಲ್ 8 ಡಿಗ್ರಿ. ಅಯನೋಸ್ಫಿಯರೇ ನಿಮಗೆ ಎರಡು ಎತ್ತರದಲ್ಲಿ ಎರಡು ಟೆಸ್ಟ್ ಸಿಗ್ನಲ್ ನೇತ್ಹಾಕಿ ಕೊಟ್ಟಿದೆ, ಅದೂ ಮೂವತ್ತು ಸೆಕೆಂಡ್ ಅಂತರದಲ್ಲಿ.

ಒಂದು ಸುತ್ತು ವರ್ಟಿಕಲ್, ಒಂದು ಸುತ್ತು ಇನ್ವರ್ಟೆಡ್ ವೀ, ಹೀಗೆ ಬದಲಾಯಿಸ್ತಾ ಒಂದು ಗಂಟೆ ಕೂತ್ಕೊಂಡ್ರೆ ಒಂದೊಂದಕ್ಕೆ ಹತ್ತು ರೀಡಿಂಗ್. ಕ್ಯೂಎಸ್‌ಬಿ, ಅಂದ್ರೆ ಸಿಗ್ನಲ್ ಏಳ್ತಾ ಬೀಳ್ತಾ ಬರೋದು, ಇರತ್ತೆ, ಒಂದು ರೀಡಿಂಗ್ ನಂಬಿ ಕುಣೀಬೇಡಿ, ಹತ್ತನ್ನ ಸಾಲಾಗಿ ಬರ್ಕೊಂಡು ನಡುವಿಂದು ತಗೊಳ್ಳಿ. ಮೂರ್ನಾಲ್ಕು ದಿನ ಮಾಡಿ. ನಾನು ಕೂತಿದ್ದು ಮಧ್ಯಾಹ್ನ ಮೂರರಿಂದ ಐದೂವರೆ ತನಕ, ಸಂಜೆ ಆದ್ಮೇಲೆ ಬೇಡ, ನಮ್ಮ ಕಡೆ ಅಂದ್ರೆ ಅಯಸ್ಕಾಂತೀಯ ಸಮಭಾಜಕದ ಹತ್ರ ಸೂರ್ಯ ಮುಳುಗೋ ಹೊತ್ತಿಗೆ ಎಫ್ ಪದರ ಮೇಲಕ್ಕೆ ಏಳತ್ತೆ, 400 ಕಿಲೋಮೀಟರ್ ಆಯ್ತು ಅಂದ್ರೆ ಕೊಲಂಬೋ ಆಂಗಲ್ 45 ದಾಟತ್ತೆ, ಜೊತೆಗೆ ಸಿಗ್ನಲ್ ಪಟಪಟ ಅಂತ ನಡುಗಕ್ಕೆ ಶುರು ಮಾಡತ್ತೆ. ಸ್ಪೊರಾಡಿಕ್ ಇ (ಒಮ್ಮೊಮ್ಮೆ ಕೆಳಗಡೆ ಮೂಡೋ ಪದರ) ಎದ್ದಿರೋ ದಿನವೂ ಬಿಟ್ಬಿಡಿ, ಆಗ 110 ಕಿಲೋಮೀಟರ್ ಎತ್ತರದಿಂದ ಕೊಲಂಬೋ 15 ಡಿಗ್ರೀಲಿ ಬಂದು ಲೆಕ್ಕ ಎಲ್ಲಾ ತಲೆಕೆಳಗಾಗತ್ತೆ. ಕೊಲಂಬೋ ಇದ್ದಕ್ಕಿದ್ದ ಹಾಗೆ ಕಿವಿ ಕಿತ್ತೋಗೋ ಹಾಗೆ ಬಂದ್ರೆ ಅನುಮಾನ ಪಡಿ.

ಎಸ್ ಮೀಟರ್, ಅಂದ್ರೆ ರಿಗ್‌ನಲ್ಲಿ ಸಿಗ್ನಲ್ ಎಷ್ಟು ಜೋರು ಅಂತ ತೋರ್ಸೋ ಮೀಟರ್, ನಂಬೋ ಹಾಗಿಲ್ಲ ಅನ್ನೋದು ಎಲ್ಲಾರಿಗೂ ಗೊತ್ತು, ಒಂದು ಎಸ್ ಯುನಿಟ್ ಅಂದ್ರೆ 6 ಡಿಬಿ ಅಂತ ಪುಸ್ತಕದಲ್ಲಿ, ರಿಗ್‌ನಲ್ಲಿ ಕೆಳಗಡೆ ಎಷ್ಟೋ ಕಡೆ 3 ಡಿಬಿಗೂ ಒಂದು ಯುನಿಟ್ ಏರತ್ತೆ. ಇದಕ್ಕೆ ಬೀಕನ್ನೇ ಅಳತೆಗೋಲು. 100 ವಾಟ್ ಡ್ಯಾಶ್‌ಗೂ 10 ವಾಟ್ ಡ್ಯಾಶ್‌ಗೂ ಮಧ್ಯೆ ಸರಿಯಾಗಿ 10 ಡಿಬಿ. ನಿಮ್ಮ ಮೀಟರ್ ಆಗ ಎಷ್ಟು ಇಳೀತು ಅಂತ ನೋಡಿ ಪಕ್ಕದಲ್ಲಿ ಬರ್ಕೊಳ್ಳಿ, ಅದೇ ನಿಮ್ಮ ಸ್ಕೇಲು. ಎಸ್‌ಡಿಆರ್ ಇದ್ರೆ ಈ ತಾಪತ್ರಯ ಇಲ್ಲ, ಆದ್ರೆ ಎಜಿಸಿ (ಜೋರು ಸಿಗ್ನಲ್, ಸಣ್ಣ ಸಿಗ್ನಲ್ ಎರಡನ್ನೂ ತಾನೇ ಸಮ ಮಾಡೋದು) ಆಫ್ ಮಾಡಿ, ನಾನು ಒಂದು ಇಡೀ ಭಾನುವಾರ ಎಜಿಸಿ ಆನ್ ಇಟ್ಕೊಂಡು ಅಳೆದ ಪುಣ್ಯಾತ್ಮ.

ಈಗ ಅಸಲಿ ವಿಷಯ. ಎರಡು ಆಂಟೆನಾ ವ್ಯತ್ಯಾಸವನ್ನ ಎರಡು ಬೀಕನ್‌ಗೂ ಬೇರೆ ಬೇರೆ ಬರ್ಕೊಳ್ಳಿ. ನನ್ನ ಮಾಡೆಲ್ ಪ್ರಕಾರ ಕೊಲಂಬೋದಲ್ಲಿ ವೀ ಸುಮಾರು 4 ಡಿಬಿ ಮುಂದೆ ಇರ್ಬೇಕು, ಟೆಲ್ ಅವೀವ್‌ನಲ್ಲಿ ವರ್ಟಿಕಲ್ ಸುಮಾರು 3 ಡಿಬಿ ಮುಂದೆ. ಎರಡೂ ಸೇರಿಸಿದ್ರೆ ತಿರುವು 7 ಡಿಬಿ. ಈ ತಿರುವು ಅನ್ನೋ ಸಂಖ್ಯೆಯಲ್ಲಿ ಮಣ್ಣಿನ ನಷ್ಟ, ಕೇಬಲ್ ನಷ್ಟ, ಕನೆಕ್ಟರ್ ತುಕ್ಕು ಯಾವುದೂ ಇರಲ್ಲ, ಯಾಕಂದ್ರೆ ಅವು ಎರಡೂ ಬೀಕನ್‌ನ ಒಂದೇ ಸಮ ಕೆಳಗೆ ತಳ್ಳತ್ತೆ. ಉಳಿಯೋದು ಬರೀ ಆಂಗಲ್. ಹಾಗಾಗಿ ತಿರುವು ಸರಿ ಇದ್ದು ಎರಡೂ ಕಡೆ ವರ್ಟಿಕಲ್ ಒಂದೇ ಸಮ ಸೊರಗಿದ್ರೆ ಅದು ನಷ್ಟದ ರೋಗ, ರೇಡಿಯಲ್ ನೋಡಿ, ಕನೆಕ್ಟರ್ ಬಿಚ್ಚಿ. ತಿರುವೇ ಸಣ್ಣದಾಗಿದ್ರೆ ಪ್ಯಾಟರ್ನ್ (ಯಾವ ಆಂಗಲ್‌ಗೆ ಎಷ್ಟು ಸಿಗ್ನಲ್ ಅನ್ನೋದು) ಕೆಟ್ಟಿದೆ, ಇನ್ನೇನೋ ರೇಡಿಯೇಟ್ ಮಾಡ್ತಿದೆ. ತಿರುವೂ ಸರಿ ಲೆವೆಲ್ಲೂ ಸರಿ, ಆದ್ರೂ ಡಿಎಕ್ಸ್ ಕೇಳ್ತಿಲ್ಲ ಅಂದ್ರೆ ನಿಮ್ಮ ಸಮಸ್ಯೆ ಶಬ್ದ. ವರ್ಟಿಕಲ್ಲು ಟ್ರಾನ್ಸ್‌ಫಾರ್ಮರ್, ಎಲ್‌ಇಡಿ ಬಲ್ಬು, ಸೋಲಾರ್ ಇನ್ವರ್ಟರ್ ಗಲಾಟೆಯನ್ನ ಮಡಿಲಲ್ಲಿ ಹಾಕ್ಕೊಳ್ಳೋದ್ರಲ್ಲಿ ಎತ್ತಿದ ಕೈ, ಸಿಗ್ನಲ್ ಇರತ್ತೆ, ಕಸದ ಕೆಳಗೆ ಇರತ್ತೆ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಕೇಳಿ ನೋಡಿ, ನಮ್ಮ ಕಡೆ ಆ ಅವಕಾಶಕ್ಕೇನೂ ಬರ ಇಲ್ಲ.

ಒಂದು ಎಚ್ಚರ, ವೀ ಅನ್ನೋದು ಎಲ್ಲಾ ದಿಕ್ಕಿಗೂ ಒಂದೇ ಥರ ಕೇಳೋಲ್ಲ. ನಮ್ಮಲ್ಲಿಂದ ಟೆಲ್ ಅವೀವ್ ವಾಯುವ್ಯಕ್ಕೆ, ಕೊಲಂಬೋ ದಕ್ಷಿಣ ಆಗ್ನೇಯಕ್ಕೆ, ವೈರ್‌ನ ಈಶಾನ್ಯದಿಂದ ನೈಋತ್ಯಕ್ಕೆ ಕಟ್ಟಿದ್ರೆ ಎರಡೂ ಹೆಚ್ಚು ಕಮ್ಮಿ ವೈರ್‌ಗೆ ಅಡ್ಡ ದಿಕ್ಕಿಗೆ ಬೀಳತ್ತೆ. ವೀನ ವರ್ಟಿಕಲ್‌ನಿಂದ ಆದಷ್ಟು ದೂರ ಕಟ್ಟಿ, ಬಳಸದೇ ಇರೋ ಆಂಟೆನಾದ ಕೇಬಲ್ ತುದಿ ಪ್ರತಿ ಸಲ ಒಂದೇ ಥರ ಬಿಡಿ.

ನನ್ನ ರೀಡಿಂಗ್, ನನ್ನ ತಪ್ಪು

ಕೊಲಂಬೋದಲ್ಲಿ ವೀ 2 ಡಿಬಿ ಮುಂದೆ. ಟೆಲ್ ಅವೀವ್‌ನಲ್ಲೂ ವೀ 1 ಡಿಬಿ ಮುಂದೆ. ಎರಡು ಕಡೆನೂ ವೀನೇ ಮುಂದೆ, ಹಾಗಾಗಿ ಕೂಡೋ ಬದ್ಲು ಕಳೀಬೇಕು, ತಿರುವು ಬರೀ 1. ಬೇಕಾಗಿದ್ದು 7. ಅಂದ್ರೆ ಪ್ಯಾಟರ್ನ್ ಹಾಳಾಗಿದೆ. ಅದು ಗೊತ್ತಿದ್ರೂ ನಾನು ಮಾಡಿದ್ದೇನು? ರೇಡಿಯಲ್ ಹಾಕಕ್ಕೆ ಹೋದೆ. ಯಾಕಂದ್ರೆ ಅದನ್ನ ಮಾಡಕ್ಕೆ ಗೊತ್ತಿತ್ತು, ವೈರ್ ಮನೇಲಿತ್ತು.

ಅದೂ ವೇಸ್ಟ್ ಆಗಿಲ್ಲ ಬಿಡಿ. ಬುಡದಲ್ಲಿ, ಕೇಬಲ್ ಈ ತುದೀಲಲ್ಲ ಸರಿಯಾಗಿ ಬುಡದಲ್ಲೇ, ನ್ಯಾನೋವಿಎನ್‌ಎ (ಆಂಟೆನಾ ಅಳೆಯೋ ಪುಟ್ಟ ಯಂತ್ರ) ಹಚ್ಚಿ ನೋಡಿದ್ರೆ ರೆಸೊನೆನ್ಸ್‌ನಲ್ಲಿ 51 ಓಮ್. ಎಸ್‌ಡಬ್ಲ್ಯೂಆರ್ 1.0. ನೋಡಿದ್ರೆ ಕಣ್ಣಿಗೆ ಒತ್ಕೊಳ್ಳೋ ಹಾಗಿತ್ತು. ಆದ್ರೆ ಕಾಲು ತರಂಗದ ವರ್ಟಿಕಲ್‌ನ ರೇಡಿಯೇಷನ್ ರೆಸಿಸ್ಟೆನ್ಸ್, ಅಂದ್ರೆ ಪವರ್ ನಿಜವಾಗಿ ಸಿಗ್ನಲ್ ಆಗಿ ಹೋಗೋ ಪಾಲು, 36 ಓಮ್, ಉಳಿದ 15 ಓಮ್ ನನ್ನ ಕೆಂಪು ಮಣ್ಣು, ಎರೆಹುಳಕ್ಕೆ ಬಿಸಿ ಕೊಡ್ತಿತ್ತು. 36 ಭಾಗಿಸು 51, ಅಂದ್ರೆ 70%, ಒಂದೂವರೆ ಡಿಬಿ ಮಣ್ಣುಪಾಲು. ರೇಡಿಯಲ್ 4ರಿಂದ 32 ಮಾಡಿದ್ಮೇಲೆ 38 ಓಮ್ ಆಯ್ತು, ಕೇಬಲ್‌ನ 50 ಓಮ್‌ನಿಂದ ದೂರ ಸರೀತು, ಎಸ್‌ಡಬ್ಲ್ಯೂಆರ್ 1.3ಕ್ಕೆ *ಏರ್ತು*. ಏರ್ಬೇಕು. ನೆಲದ ವರ್ಟಿಕಲ್ ಮ್ಯಾಚಿಂಗ್ ಏನೂ ಇಲ್ದೆ 1.0 ತೋರ್ಸಿದ್ರೆ ಖುಷಿ ಪಡೋ ಬದ್ಲು ಗುಮಾನಿ ಪಡ್ಬೇಕು. ಬರೀ ಒಂದು ಅರ್ಥ್ ರಾಡ್ ಹೊಡೆದು ರೇಡಿಯಲ್ ಇಲ್ಲದೇ ಬಿಟ್ಟೋರದ್ದು ಇನ್ನೂ ಕೆಟ್ಟದಾಗಿರತ್ತೆ, ರಾಡು ಸಿಡಿಲಿಗೆ, ಆರ್‌ಎಫ್‌ಗೆ, ಅಂದ್ರೆ ರೇಡಿಯೋ ಸಿಗ್ನಲ್‌ಗೆ, ಅಲ್ಲ. ಇನ್ನೊಂದು, ಮಳೆ ಬಂದ ಮಾರನೇ ದಿನದ ರೀಡಿಂಗ್ ಒಣ ದಿನದ್ದರ ಜೊತೆ ಹೋಲಿಸ್ಬೇಡಿ.

ಮತ್ತೆ ಬೀಕನ್ ಮುಂದೆ ಕೂತೆ. ಎರಡೂ ಕಡೆ ವರ್ಟಿಕಲ್ ಒಂದು ಡಿಬಿ ಚಿಲ್ಲರೆ ಮೇಲೆ ಬಂತು. ಕೊಲಂಬೋದಲ್ಲಿ ವೀ ಬರೀ 1 ಮುಂದೆ, ಟೆಲ್ ಅವೀವ್‌ನಲ್ಲಿ ಸಮ ಸಮ. ತಿರುವು ಅದೇ 1. ಇಪ್ಪತ್ತೆಂಟು ವೈರ್ ಹಾಸಿದ್ರೂ ಆಂಗಲ್ ಒಂದಿಂಚು ಅಲ್ಲಾಡ್ಲಿಲ್ಲ, ಮೇಲೆ ಹೇಳಿದ ಥಿಯರಿ ನನ್ನ ಸೊಂಟ ನೋವಿನ ಸಮೇತ ಸಾಬೀತಾಯ್ತು.

ಆಮೇಲೆ ಒಂದಿನ ವಿಎನ್‌ಎನ ಮಹಡಿ ಮೇಲಿನ ತುದೀಲಿ ಹಾಕ್ಕೊಂಡು ಸುಮ್ನೆ ನೋಡ್ತಿದ್ದೆ, ಹೆಂಡ್ತಿ ಬಾಲ್ಕನೀಲಿ ಬಟ್ಟೆ ಹರವಕ್ಕೆ ಬಂದೋಳು ಕೇಬಲ್‌ನ ಪಕ್ಕಕ್ಕೆ ಸರಿಸಿದ್ಲು, ಕರ್ವ್ ಟಕ್ ಅಂತ ಜರುಗ್ತು. ಮತ್ತೆ ಸರಿಸು ಅಂದೆ. ಮತ್ತೆ ಜರುಗ್ತು. ಕೋಕ್ಸ್‌ನ ಕೈಯಲ್ಲಿ ಹಿಡಿದ್ರೆ, ಜರುಗಿಸಿದ್ರೆ ರೀಡಿಂಗ್ ಅಲ್ಲಾಡತ್ತೆ ಅಂದ್ರೆ ಅದರ ಹೊರ ಮೈ ಮೇಲೆ ಕರೆಂಟ್ ಓಡ್ತಿದೆ, ಕಾಮನ್ ಮೋಡ್ ಕರೆಂಟು. ಕೇಬಲ್ಲೇ ಇನ್ನೊಂದು ರೇಡಿಯಲ್ ಆಗ್ಬಿಟ್ಟಿತ್ತು, ಅದೂ ಗಾಳೀಲಿ ಓರೆಯಾಗಿ ನೇತಾಡೋ ರೇಡಿಯಲ್ಲು. ವರ್ಟಿಕಲ್‌ಗೆ ನೆತ್ತಿ ಮೇಲೆ ಒಂದು ತಗ್ಗು ಇರತ್ತಲ್ಲ, ಮೇಲಿನ ಆಂಗಲ್ ಎಲ್ಲಾ ಸೊರಗಿರ್ಬೇಕಲ್ಲ, ಅದನ್ನ ಈ ಓರೆ ಕೇಬಲ್ ತುಂಬಿಸ್ತಿತ್ತು. ಡ್ರೋನ್ ಗ್ರಾಫ್ 60 ಡಿಗ್ರೀಲಿ ಇಳಿದೇ ಇದ್ದಿದ್ದಕ್ಕೆ ಕಾರಣ ಸಿಕ್ತು.

ಖಚಿತ ಮಾಡ್ಕೊಳ್ಳಕ್ಕೆ ಕ್ಲಾಂಪ್ ಫೆರೈಟ್ ಒಂದಕ್ಕೆ ಹತ್ತು ಸುತ್ತು ವೈರ್ ಸುತ್ತಿ ಡಯೋಡ್, ಮೀಟರ್ ಹಾಕಿ ಕೇಬಲ್ ಉದ್ದಕ್ಕೂ ಜರುಗಿಸಿ ನೋಡಿದೆ, ಕಡಿಮೆ ಪವರ್‌ನಲ್ಲೇ ಮುಳ್ಳು ಚೆನ್ನಾಗಿ ಎದ್ದೇಳ್ತಿತ್ತು, ಒಂದು ರೇಡಿಯಲ್‌ಗೆ ಹಾಕಿದ್ರೆ ಅದಕ್ಕಿಂತ ಕಡಿಮೆ. ಇಷ್ಟು ಸಾಕ್ಷಿ ಸಾಕಲ್ವಾ.

ರಿಪೇರಿ ಸುಲಭ. 240 ಸೈಜ್‌ನ 43 ಮಿಕ್ಸ್ ಟೊರಾಯ್ಡ್ (ಫೆರೈಟ್ ಬಳೆ) ಮೇಲೆ ಆರ್‌ಜಿ-58 ಕೋಕ್ಸ್ ಹನ್ನೆರಡು ಸುತ್ತು, ಸರಿಯಾಗಿ ಬುಡದಲ್ಲಿ ಒಂದು ಚೋಕ್, ಅಂದ್ರೆ ಹೊರ ಮೈ ಮೇಲಿನ ಕರೆಂಟ್‌ಗೆ ತಡೆ. ಕೇಬಲ್‌ನ ನೇತಾಡ್ಸೋದು ಬಿಟ್ಟು ನೆಲದ ಮೇಲೇ ಗೋಡೆ ತನಕ ತಂದು, ಅಲ್ಲಿ ಗೋಡೆ ಹತ್ತೋಕ್ಕೆ ಮುಂಚೆ ಎರಡನೇ ಚೋಕ್. ಎರಡನೇದು ಯಾಕಂದ್ರೆ ಮೊದಲನೇ ಚೋಕ್ ಆದ್ಮೇಲೂ ಆಂಟೆನಾದ ಫೀಲ್ಡ್ ಒಳಗೇ ಕೇಬಲ್ ಮಲಗಿರತ್ತೆ, ಅಲ್ಲಿ ಮತ್ತೆ ಕರೆಂಟ್ ಹತ್ಕೊಳ್ಳತ್ತೆ. ಪಿವಿಸಿ ಪೈಪಿಗೆ ಕೇಬಲ್ ಸುತ್ತಿ ಚೋಕ್ ಅಂತ ಹೇಳೋದನ್ನ ನಾನು ಒಪ್ಪಲ್ಲ, ಒಂದು ಬ್ಯಾಂಡ್‌ಗೆ ಕೂತ್ರೆ ಕೂರತ್ತೆ, ಇಲ್ದಿದ್ರೆ ಇಲ್ಲ.

ಮತ್ತೆ ನಾಲ್ಕು ದಿನ ಬೀಕನ್. ಕೊಲಂಬೋದಲ್ಲಿ ವೀ 4 ಮುಂದೆ, ಟೆಲ್ ಅವೀವ್‌ನಲ್ಲಿ ವರ್ಟಿಕಲ್ 2 ಮುಂದೆ. ತಿರುವು 6. ಕೊಲಂಬೋ ವರ್ಟಿಕಲ್‌ನಲ್ಲಿ *ಇಳೀತು* ಅಂತ ಕುಣಿದಿದ್ದು ನಾನೊಬ್ನೇ ಇರ್ಬೇಕು. ಜೊತೆಗೆ ಮನೆಯೊಳಗಿನ ಕಸ ಶಬ್ದ ಎರಡು ಎಸ್ ಯುನಿಟ್ ಕೆಳಗೆ ಹೋಯ್ತು, ಅದೇ ಕೇಬಲ್ ಮೈ ಮೇಲೆ ಹತ್ಕೊಂಡು ಬರ್ತಿತ್ತು ನೋಡಿ.

25 ಡಿಗ್ರಿ ಇನ್ನೂ ಕೆಳಗೆ ಬರ್ಬೇಕು ಅಂದ್ರೆ

ಆಂಟೆನಾ ಸರಿ ಇದೆ ಅಂತ ಆದ್ಮೇಲೂ ಆಂಗಲ್ ಇಳಿಸ್ಬೇಕು ಅನ್ನೋರಿಗೆ ನೆಲ ಬದಲಾಯಿಸೋದು ಒಂದೇ ದಾರಿ. ಉಪ್ಪುನೀರು ಮಣ್ಣಿಗಿಂತ ಸಾವಿರ ಪಟ್ಟು ಕಂಡಕ್ಟಿವ್, ಮೀಟರಿಗೆ 5 ಸೀಮೆನ್ಸ್ ಸುತ್ತಮುತ್ತ. ಪಣಂಬೂರು, ಕಾಪು, ಮಲ್ಪೆ ಕಡೆ ನೀರಿನ ಅಂಚಲ್ಲಿ ಇದೇ ಐದು ಮೀಟರ್ ಪೈಪ್ ನಿಲ್ಸಿದ್ರೆ ಪೀಕ್ ಹತ್ತು ಡಿಗ್ರಿಯೊಳಗೆ ಇಳಿಯತ್ತೆ, 8 ಡಿಗ್ರೀಲಿ ಮಾಡೆಲ್ ಪ್ರಕಾರ 6-7 ಡಿಬಿ ಲಾಭ, ನಾಲ್ಕು ಪಟ್ಟು ಪವರ್‌ಗಿಂತ ಜಾಸ್ತಿ, ಅದೂ ಆಫ್ರಿಕಾ, ಯುರೋಪು ಕಡೆ ಪೂರ್ತಿ ಅರಬ್ಬೀ ಸಮುದ್ರ. ಆದ್ರೆ ಅಂಚಲ್ಲೇ ನಿಲ್ಸ್ಬೇಕು, ರಸ್ತೆ ಆಚೆ ತೆಂಗಿನ ತೋಟದಲ್ಲಿ ನಿಲ್ಸಿ ಸಮುದ್ರದ ಗಾಳಿ ಕುಡೀತಾ ಕೂತ್ರೆ ಮರಳಿನ ಆಂಗಲ್ಲೇ ಸಿಗೋದು. ಉಡುಪಿ ಕಡೆ ಸ್ನೇಹಿತ "ಮಾರಾಯ, ನೀನು ಆ ಮೂವತ್ತೆರಡು ವೈರ್ ಹಾಸೋ ಹೊತ್ತಿಗೆ ಇಲ್ಲಿಗೆ ಬಸ್ಸಲ್ಲಿ ಬಂದು ಹೋಗ್ಬಹುದಿತ್ತು" ಅಂದ. ಸುಳ್ಳೇನಲ್ಲ.

10 ಮೀಟರ್ ವರ್ಟಿಕಲ್ ಇರೋರಿಗೆ ಇನ್ನೊಂದು ಮಜಾ ಇದೆ. 1974ರಲ್ಲಿ ಹಾರಿಸಿದ ಆಸ್ಕರ್ 7 ಅನ್ನೋ ಹ್ಯಾಮ್ ಸ್ಯಾಟಲೈಟ್, 1981ರಲ್ಲಿ ಬ್ಯಾಟರಿ ಸತ್ತು ಸುಮ್ಮನಾಗಿ 2002ರಲ್ಲಿ ತಾನಾಗೇ ಎದ್ಕೂತಿದ್ದು, ಬಿಸಿಲಲ್ಲಿ ಮಾತ್ರ ಕೆಲಸ ಮಾಡತ್ತೆ. ಅದು ಮೋಡ್ ಎ ಅನ್ನೋ ಸ್ಥಿತೀಲಿರೋವಾಗ 29.502 ಮೆಗಾಹರ್ಟ್ಸ್‌ನಲ್ಲಿ ಬೀಕನ್ ಬಿಡತ್ತೆ. ಅದು ದಿಗಂತದಿಂದ ನೆತ್ತಿ ತನಕ ಏರೋವಾಗ ಲೆವೆಲ್ ಬರೀತಾ ಹೋದ್ರೆ ಇಡೀ ಎಲಿವೇಶನ್ ಪ್ಯಾಟರ್ನ್ ಕೈಗೆ ಬರತ್ತೆ, ಡ್ರೋನ್ ಬೇಡ. ಡ್ರೋನ್ ಲೆಕ್ಕ ಮಾತ್ರ ಇಲ್ಲೂ ಮರೀಬೇಡಿ, ದಿಗಂತದಲ್ಲಿ 4,500 ಕಿಲೋಮೀಟರ್, ನೆತ್ತಿ ಮೇಲೆ 1,450, ಆ 10 ಡಿಬಿ ದೂರದ್ದು. ಸ್ಯಾಟಲೈಟ್ ಗಿರಗಿರ ತಿರುಗೋದ್ರಿಂದ ಸಿಗ್ನಲ್ ಏಳ್ತಾ ಬೀಳ್ತಾ ಇರತ್ತೆ, ಒಂದು ಪಾಸ್ ಸಾಲಲ್ಲ, ಎಂಟತ್ತು ಪಾಸ್ ಸೇರಿಸಿ.

ನನ್ನಲ್ಲಿ ಇನ್ನೂ ಒಂದು ಡಿಬಿ ತಿರುವು ಕಮ್ಮಿ ಇದೆ. ಪಕ್ಕದ ಸೈಟ್‌ನೋರು ಹೊಸದಾಗಿ ತಗಡಿನ ಶೆಡ್ ಹಾಕಿದಾರೆ, ಕಬ್ಬಿಣದ ಕಂಬ ನಾಲ್ಕೂವರೆ ಮೀಟರ್ ಇರ್ಬೋದು, ಆಂಟೆನಾದಿಂದ ಎಂಟು ಹೆಜ್ಜೆ. ಹಗ್ಗ ಕಟ್ಕೊಂಡು ಸುತ್ತು ಹೊಡೆದಾಗ ಆ ಕಡೆನೇ ಮುಳ್ಳು ತಗ್ಗತ್ತೆ. ಶೆಡ್ ಒಳಗೆ ಅವರ ಎರಡು ಹಸು ಇದೆ, ಕಂಬ ಸೊಲ್ಪ ಆಚೆ ಹಾಕ್ಕೊಳ್ಳಿ ಅಂತ ಯಾವ ಬಾಯಲ್ಲಿ ಕೇಳೋದು. ಪೈಪ್‌ನೇ ಹಿತ್ತಲ ಆ ಮೂಲೆಗೆ ಎತ್ತಿಡ್ಬೇಕು, ಮೂವತ್ತೆರಡು ವೈರ್ ಸಮೇತ.